ಝೆಡ್80 ಜೋಡಿಸುವವರ ಗಮನಕ್ಕೆ
ಗೆಳೆಯರೇ, ಝೈಲಾಗ್ ಕಂಪನಿ ತನ್ನ ಹಳೆಯ 8-ಬಿಟ್ ಪ್ರೊಸೆಸರ್ ಚಿಪ್ ಝೆಡ್80ಗೆ ಕೊನೆಯ ಆರ್ಡರ್ ತೆಗೆದುಕೊಂಡದ್ದು 2024ರ ಜೂನ್‌ನಲ್ಲಿ, ಹಾಗಾಗಿ ಬೇಕಿದ್ದವರು ಈಗಲೇ ಒಂದೆರಡು ಚಿಪ್ ತೆಗೆದಿಟ್ಟುಕೊಳ್ಳಿ. ಝೆಡ್80ರದೇ ಸಿಮಾಸ್ (ಕಡಿಮೆ ವಿದ್ಯುತ್ ಬಳಸುವ) ರೂಪವಾದ 40 ಪಿನ್ನಿನ ಝೆಡ್84ಸಿ00 ಅಂತಲೇ ಕೇಳಿ. ಅದರ ಕ್ಲಾಕ್ (ಚಿಪ್ಪನ್ನು ಹೆಜ್ಜೆಹೆಜ್ಜೆಯಾಗಿ ನಡೆಸುವ ಮಿಡಿತ) ಎಷ್ಟು ನಿಧಾನವಾದರೂ, ಪೂರ್ತಿ ನಿಲ್ಲಿಸಿದರೂ ಒಳಗಿನ ರಿಜಿಸ್ಟರ್‌ಗಳಲ್ಲಿ (ಚಿಪ್ಪಿನೊಳಗಿನ ಪುಟ್ಟ ನೆನಪಿನ ಜಾಗಗಳು) ಇರುವುದು ಅಳಿಸಿಹೋಗುವುದಿಲ್ಲ. ಆದ್ದರಿಂದಲೇ ಆರ್ಡುಯಿನೊ ಮೆಗಾ ಎಂಬ ಮೈಕ್ರೋಕಂಟ್ರೋಲರ್ ಬೋರ್ಡ್ ಜೊತೆ ಇದು ಚೆನ್ನಾಗಿ ಹೊಂದುತ್ತದೆ: ಮೆಗಾ ಕ್ಲಾಕ್ ಕೊಡುತ್ತದೆ, ಮೆಮೊರಿಯ ಕೆಲಸವನ್ನೂ ತಾನೇ ಮಾಡುತ್ತದೆ, ಒಂದೊಂದು ಹೆಜ್ಜೆಗೂ ಅಡ್ರೆಸ್ ಯಾವುದು, ಡೇಟಾ ಏನು ಅಂತ ಲ್ಯಾಪ್‌ಟಾಪ್‌ನಲ್ಲಿ ತೋರಿಸುತ್ತದೆ. ನಾವು ಬರೆದ ಕೋಡನ್ನು ನಿಜವಾದ ಚಿಪ್ಪೇ ಓಡಿಸುವುದನ್ನು ನೋಡುವ ಖುಷಿ, ಚಿಪ್ಪಿನ ಅನುಕರಣೆ ಮಾಡುವ ಸಾಫ್ಟ್‌ವೇರ್ ಆದ ಎಮ್ಯುಲೇಟರ್‌ನಲ್ಲಿ ಸಿಗಲ್ಲ.

ಮೊದಲು ಚಿಪ್ ಪರೀಕ್ಷೆ ಮಾಡಿ. ಮೇಲಿನ ಹೆಸರು ಉಜ್ಜಿ ಬೇರೆ ಮುದ್ರಿಸಿದ ಚಿಪ್‌ಗಳೂ ಮಾರಾಟಕ್ಕಿವೆ. ಎಂಟೂ ಡೇಟಾ ಪಿನ್‌ಗಳನ್ನು ಒಂದೊಂದು 1 ಕಿಲೋಓಮ್ ರೆಸಿಸ್ಟರ್ ಮೂಲಕ ಗ್ರೌಂಡ್‌ಗೆ ಕೊಡಿ. ಝೆಡ್80ಗೆ 00 ಅಂದ್ರೆ ಏನೂ ಮಾಡಬೇಡ, ಮುಂದೆ ಹೋಗು ಅಂತ, ಆದ್ದರಿಂದ ಅದು ಅಡ್ರೆಸ್ಸನ್ನು 0, 1, 2 ಅಂತ ಎಣಿಸುತ್ತಾ ಹೋಗಬೇಕು. ಎಂ1 ಪಿನ್ (ಚಿಪ್ ಹೊಸ ಆದೇಶ ಓದುತ್ತಿದೆ ಎಂದು ಹೇಳುವ ಪಿನ್) ಲೋ, ಅಂದ್ರೆ 0 ವೋಲ್ಟ್ ಹತ್ತಿರ, ಇರುವಾಗ ಮಾತ್ರ ಅಡ್ರೆಸ್ ಓದಿ, ನಡುವೆ ರಿಫ್ರೆಶ್ ಅಡ್ರೆಸ್ (ಡೈನಾಮಿಕ್ ಮೆಮೊರಿಯನ್ನು ತಾಜಾ ಇಡಲು ಚಿಪ್ ಕಳಿಸುವುದು) ಬಂದು ಗೊಂದಲ ಮಾಡುತ್ತದೆ. ರಿಸೆಟ್ಟನ್ನು ಕನಿಷ್ಠ 3 ಕ್ಲಾಕ್ ಲೋ ಹಿಡಿಯಿರಿ. ವೇಟ್, ಇಂಟ್, ಎನ್‌ಎಂಐ, ಬಸ್‌ರಿಕ್ವೆಸ್ಟ್ ಪಿನ್‌ಗಳನ್ನು ಸುಮ್ನೆ ಬಿಡಬೇಡಿ, ರೆಸಿಸ್ಟರ್ ಹಾಕಿ 5 ವೋಲ್ಟ್‌ಗೆ ಕೊಡಿ.

ರಾಸ್ಪ್‌ಬೆರಿ ಪೈ ಪಿಕೊ ಬಳಸುವವರು ನೇರ ಜೋಡಿಸಬೇಡಿ ದಯವಿಟ್ಟು. ಅದು 3.3 ವೋಲ್ಟಿನದು, ಝೆಡ್80 5 ವೋಲ್ಟಿನದು, ನಡುವೆ ವೋಲ್ಟೇಜ್ ಹೊಂದಿಸುವ ಲೆವೆಲ್ ಶಿಫ್ಟರ್ ಬೇಕೇ ಬೇಕು.