ಟ್ರಯಲ್ ದಿನದ ಜಿಮ್ಮೇ ಬೇರೆ, ದುಡ್ಡು ಕಟ್ಟಿದ ಮೇಲಿನ ಜಿಮ್ಮೇ ಬೇರೆ

ಮಾನ್ಯ ಸಂಪಾದಕರೇ,

ಮೈಸೂರಿನ ಯಾವ ಬಡಾವಣೆಗೆ ಹೋದರೂ ಈಗ ಒಂದು ಜಿಮ್ ಇರುತ್ತದೆ, ಪಕ್ಕದ ಬೀದಿಯಲ್ಲೋ ಮೇಲಿನ ಮಹಡಿಯಲ್ಲೋ ಒಂದು ಕರಾಟೆ ಅಥವಾ ಕಿಕ್ ಬಾಕ್ಸಿಂಗ್ ಕ್ಲಾಸ್ ಇರುತ್ತದೆ, ಎರಡರ ಮುಂದೆಯೂ ‘ಉಚಿತ ಟ್ರಯಲ್’ ಅಂತ ಫ್ಲೆಕ್ಸ್. ಇತ್ತೀಚೆಗೆ ಇಂಥ ಟ್ರಯಲ್‌ಗಳಿಗೆ ಹೋಗಿ ನೋಡುತ್ತಿದ್ದೇನೆ. ಬಿಟ್ಟಿ ವ್ಯಾಯಾಮಕ್ಕಲ್ಲ, ಸೇರುವ ಮನಸ್ಸಿನಿಂದಲೇ. ನನ್ನ ತಕರಾರು ಒಂದೇ. ನಾವು ನಿಜವಾಗಿ ಬರುವ ಹೊತ್ತಿಗೆ ಟ್ರಯಲ್ ಕೊಡುವುದಿಲ್ಲ.

ಕೇಳಿದರೆ ‘ಬೆಳಿಗ್ಗೆ 11ಕ್ಕೆ ಬನ್ನಿ ಸರ್, ಆರಾಮಾಗಿ ನೋಡಬಹುದು’ ಅಂತಾರೆ. ಆರಾಮೇನೋ ಹೌದು. ಟ್ರೆಡ್‌ಮಿಲ್ ಎಲ್ಲ ಖಾಲಿ, ಹಾಡಿನ ಸದ್ದು ಕಡಿಮೆ, ಒಬ್ಬ ಟ್ರೈನರ್ ಪಕ್ಕದಲ್ಲೇ ನಿಂತು ‘ಬೆನ್ನು ನೇರ, ಮೊಣಕಾಲು ಹೊರಗೆ’ ಅಂತ ಒಂದೊಂದೇ ತಿದ್ದುತ್ತಾನೆ. ಆದರೆ ಕೆಲಸಕ್ಕೆ ಹೋಗುವವರು ಬರುವುದು ಸಂಜೆ ಆರರ ಮೇಲೆ ಅಲ್ವಾ? ಆಗ ಬೆಂಚ್‌ಗೆ ಕ್ಯೂ, ಬೇಕಾದ ತೂಕದ ಡಂಬೆಲ್ ಯಾರದೋ ಕಾಲ ಕೆಳಗೆ, ಅದೇ ಟ್ರೈನರ್ ಪರ್ಸನಲ್ ಟ್ರೈನಿಂಗ್‌ಗೆ ಬೇರೆ ದುಡ್ಡು ಕಟ್ಟಿದವರ ಜೊತೆ ಬಿಜಿ. ಹೆಂಗಸರಿಗೆ ಈ ವ್ಯತ್ಯಾಸ ಇನ್ನೂ ಮುಖ್ಯ. ಖಾಲಿ ಜಿಮ್ಮಿನಲ್ಲಿ ಟ್ರಯಲ್ ಮಾಡಿದರೆ, ಸಂಜೆ ಅಲ್ಲಿ ಸೇರುವ ಜನ ಎಂಥವರು ಅಂತ ಗೊತ್ತಾಗುವುದು ಹೇಗೆ?

ಇನ್ನು ಆ ಮಷಿನ್ ವಿಷಯ. ಟ್ರಯಲ್ ಮುಗಿಯುತ್ತಿದ್ದಂತೆ ‘ಫ್ರೀ ಬಾಡಿ ಟೆಸ್ಟ್’ ಅಂತ ಒಂದು ಯಂತ್ರದ ಮೇಲೆ ನಿಲ್ಲಿಸುತ್ತಾರೆ. ಬರಿಗಾಲಲ್ಲಿ ನಿಂತು, ಎರಡೂ ಕೈಯಲ್ಲಿ ಹಿಡಿಕೆ ಹಿಡಿಯಬೇಕು. ಅದು ಮೈಯೊಳಗೆ ತೀರಾ ಸಣ್ಣ ಕರೆಂಟ್ ಹರಿಸಿ, ಎಷ್ಟು ತಡೆ ಬಂತು ಅಂತ ನೋಡಿ ನೀರು ಎಷ್ಟಿದೆ, ಅದರಿಂದ ಕೊಬ್ಬು ಎಷ್ಟಿರಬಹುದು ಅಂತ ಅಂದಾಜು ಮಾಡುತ್ತದೆ. ಅಂದಾಜು ಅಷ್ಟೇ. ಬೆವರು ಸುರಿಸಿದ ಮೇಲೆ ನಿಂತರೆ ಒಂದು ಲೆಕ್ಕ, ನೀರು ಕುಡಿದು ನಿಂತರೆ ಇನ್ನೊಂದು. ಅದಕ್ಕೇ ವ್ಯಾಯಾಮಕ್ಕೆ ಮುಂಚೆ, ಖಾಲಿ ಹೊಟ್ಟೆಯಲ್ಲಿ ನೋಡಬೇಕು ಅನ್ನುವುದು. ಇವರು ವ್ಯಾಯಾಮ ಮಾಡಿಸಿಯೇ ಹತ್ತಿಸುತ್ತಾರೆ. ಆಮೇಲೆ ಕಾಗದ ಹಿಡಿದು ‘ಸರ್, ನಿಮ್ಮ ವಯಸ್ಸಿಗಿಂತ ನಿಮ್ಮ ಬಾಡಿ ವಯಸ್ಸು ಜಾಸ್ತಿ ಇದೆ’ ಅಂತ ಗಂಭೀರವಾಗಿ ಹೇಳುತ್ತಾರೆ. ಪಕ್ಕದಲ್ಲೇ ವರ್ಷದ ಪ್ಯಾಕೇಜಿನ ಫಾರಂ, ಪೆನ್ನು ಸಮೇತ.

ಇವತ್ತೇ ಕಟ್ಟಿದರೆ ಅರ್ಧ ರೇಟು, ನಾಳೆ ಬಂದರೆ ಪೂರ್ತಿ. ತಿಂಗಳಿಗೆ ಎಷ್ಟು ಅಂದರೆ ‘ತಿಂಗಳ ಲೆಕ್ಕದಲ್ಲಿ ಯಾರೂ ತಗೊಳ್ಳಲ್ಲ ಸರ್’. ಕಟ್ಟಿದ ದುಡ್ಡು ವಾಪಸ್ ಇಲ್ಲ ಅನ್ನುವ ಸಾಲು ಫಾರಂನ ಹಿಂಬದಿಯಲ್ಲಿ, ಸಣ್ಣ ಅಕ್ಷರದಲ್ಲಿ. ಹಾಗೆ ಬರೆದುಬಿಟ್ಟರೆ ಮುಗಿಯಿತು ಅಂತೇನಿಲ್ಲ. ಗ್ರಾಹಕನ ಮೇಲೆ ವಿಪರೀತ ಹೊರೆ ಹಾಕುವ ಏಕಪಕ್ಷೀಯ ಕರಾರನ್ನು ಪ್ರಶ್ನಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ದಾರಿ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಸೇವೆಯಲ್ಲಿ ಕೊರತೆ ಅಂತ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೂ 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ.

ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಜಿಮ್ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ನಾನು ನೋಡಿದ ಕೆಲವು ಕಡೆ ರೇಟು ಇಳಿದೇ ಇಲ್ಲ. ಮಾಲೀಕರ ಕಡೆಯ ಮಾತೂ ಇದೆ, ಬಾಡಿಗೆ ಮತ್ತು ಯಂತ್ರಗಳ ಮೇಲೆ ಅವರು ಕಟ್ಟಿದ ತೆರಿಗೆಯನ್ನು ನಮ್ಮಿಂದ ವಸೂಲಿ ಮಾಡಿದ ಜಿಎಸ್‌ಟಿಯಲ್ಲಿ ಈಗ ಕಳೆದುಕೊಳ್ಳುವ ಹಾಗಿಲ್ಲ. ಸರಿ, ಹಾಗಂತ ಬಿಲ್ಲಿನಲ್ಲಿ ಬಿಡಿಸಿ ತೋರಿಸಲಿ.

ಕರಾಟೆ, ಕಿಕ್ ಬಾಕ್ಸಿಂಗ್ ಕ್ಲಾಸ್‌ಗಳ ಟ್ರಯಲ್ ಇನ್ನೂ ಮಜಾ. ಗ್ಲೌಸ್ ಕೊಟ್ಟು ಪ್ಯಾಡ್‌ಗೆ ಗುದ್ದಿಸುತ್ತಾರೆ, ಫಟ್ ಅಂತ ಸದ್ದು ಬರುತ್ತದೆ, ಹುಡುಗರಿಗೆ ಖುಷಿಯೋ ಖುಷಿ. ಫೀಸು ಕೇಳಿದರೆ ತಿಂಗಳದ್ದು ಮಾತ್ರ ಹೇಳುತ್ತಾರೆ. ಡ್ರೆಸ್, ಪ್ರತಿ ಬೆಲ್ಟ್ ಪರೀಕ್ಷೆಯ ಫೀಸು, ಸರ್ಟಿಫಿಕೇಟ್, ಟೂರ್ನಮೆಂಟ್, ಇವೆಲ್ಲ ಆಮೇಲೆ ಒಂದೊಂದಾಗಿ ಬಂದು ಅಪ್ಪ ಅಮ್ಮನ ತಲೆ ಮೇಲೆ ಕೂರುತ್ತವೆ. ನನಗೆ ನಂಬಿಕೆ ಬಂದದ್ದು ಒಂದು ಜೂಡೊ ಕ್ಲಾಸಿನಲ್ಲಿ, ಅಲ್ಲಿನ ಟ್ರಯಲ್ ನಿಜ ಹೇಳಬೇಕೆಂದರೆ ಬೋರು. ಇಡೀ ಹೊತ್ತು ಬೀಳುವುದನ್ನೇ ಕಲಿಸಿದರು. ಗದ್ದ ಎದೆಗೆ ಒತ್ತಿ, ತಲೆ ನೆಲಕ್ಕೆ ಬಡಿಯದ ಹಾಗೆ, ಕೈಯಿಂದ ಮ್ಯಾಟಿಗೆ ಬಡಿದು ಬೀಳುವುದು. ಅದಕ್ಕೆ ಉಕೆಮಿ ಅಂತಾರೆ. ಶುರುವಿಗೆ ಮುಂಚೆ ಮೇಷ್ಟ್ರು ‘ಮಂಡಿ ನೋವು, ಬಿಪಿ ಏನಾದರೂ ಇದೆಯಾ’ ಅಂತ ಕೇಳಿದರು. ಉಳಿದ ಕಡೆ ಇದನ್ನು ಯಾರೂ ಕೇಳಲಿಲ್ಲ, ಮೊಬೈಲ್ ನಂಬರ್ ಮಾತ್ರ ಎಲ್ಲರೂ ಕೇಳಿದರು.

ನಮ್ಮ ಊರಿನ ಗರಡಿಮನೆಗಳಲ್ಲಿ ಟ್ರಯಲ್ ಪಾಸ್ ಕೇಳಿದರೆ ನಕ್ಕಾರು. ಅಲ್ಲಿ ಹೊಸಬ ಮೊದಲು ಕೆಮ್ಮಣ್ಣು ಅಗೆಯಬೇಕು. ಅದೇ ಟ್ರಯಲ್, ಅದೇ ವ್ಯಾಯಾಮ. ಜಿಮ್ಮಿನವರೂ ಹಾಗೇ ಮಾಡಲಿ ಅಂತ ನಾನು ಹೇಳುತ್ತಿಲ್ಲ. ಬಿಟ್ಟಿಯೂ ಬೇಡ, ಒಂದು ದಿನದ ಬೆಲೆ ಇಷ್ಟು ಅಂತ ತಗೊಂಡು, ನಮಗೆ ಬೇಕಾದ ಹೊತ್ತಿಗೆ ಎಲ್ಲರ ಜೊತೆ ಬಿಟ್ಟರೆ ಸಾಕು. ನಗರಪಾಲಿಕೆಯವರು ಉದ್ದಿಮೆ ಪರವಾನಗಿ ಕೊಡುವಾಗ, ತಿಂಗಳ ದರ, ಇತರ ಫೀಸು, ಹಣ ವಾಪಸಿನ ನಿಯಮ ಇಷ್ಟನ್ನು ಬಾಗಿಲಲ್ಲಿ ಕನ್ನಡದಲ್ಲಿ ಬರೆದು ಹಾಕಬೇಕು ಅಂತ ಷರತ್ತು ಹಾಕಲಿ. ‘ಉಚಿತ’ ಅಂತ ಅಷ್ಟು ದೊಡ್ಡ ಫ್ಲೆಕ್ಸ್ ಹಾಕುವವರಿಗೆ ಇನ್ನೊಂದು ಬೋರ್ಡು ಭಾರವಾಗಲಿಕ್ಕಿಲ್ಲ.

ಇಂತಿ,
ಕುವೆಂಪುನಗರದ ಒಬ್ಬ ಓದುಗ, ಮೈಸೂರು