ಚೌಬಾರಾದ ಬಳಿ ನೆರವಾದ ಮಹನೀಯರಿಗೆ

ಕಳೆದ ಸೋಮವಾರ ಬೀದರಿನ ಚೌಬಾರಾದ ಬಳಿ ನಮ್ಮ ತಂದೆಯವರು ಎದೆ ಹಿಡಿದು ಕುಳಿತಾಗ, ಮಿರ್ಚಿ ಭಜಿ ತಿಂದದ್ದರಿಂದಾದ ಗ್ಯಾಸ್ ಎಂದೇ ಭಾವಿಸಿ ನಾನು ಸೋಡಾ ಕುಡಿಸುತ್ತಿದ್ದೆ. ಅಂಗಿಯ ಬೆನ್ನು ತಣ್ಣನೆಯ ಬೆವರಿನಿಂದ ತೊಯ್ದದ್ದನ್ನೂ, ನೋವು ದವಡೆಗೂ ಎಡತೋಳಿಗೂ ಹಬ್ಬಿದ್ದನ್ನೂ ಗಮನಿಸಿದವರು ತಾವು. ನಡೆಯಲು ಬಿಡದೆ ಗೋಡೆಗೆ ಒರಗಿಸಿ, 108ಕ್ಕೆ ಕರೆ ಮಾಡಿ, ಅಲರ್ಜಿಯಾಗಲಿ ರಕ್ತಸ್ರಾವದ ತೊಂದರೆಯಾಗಲಿ ಇಲ್ಲವೆಂದು ಕೇಳಿ ತಿಳಿದ ಮೇಲೆಯೇ 325 ಮಿಲಿಗ್ರಾಂ ಆಸ್ಪಿರಿನ್ ಮಾತ್ರೆಯನ್ನು ಇಡಿಯಾಗಿ ನುಂಗಗೊಡದೆ ಅಗಿಯಲು ಹೇಳಿದಿರಿ. ಅಗಿದರೆ ಅದು ಬೇಗ ರಕ್ತ ಸೇರಿ, ಹೆಪ್ಪು ಬೆಳೆಯದಂತೆ ತಡೆಯುತ್ತದೆಂದು ವೈದ್ಯರು ಆಮೇಲೆ ವಿವರಿಸಿದರು. ಇಸಿಜಿಯಲ್ಲಿ ಹೃದಯಾಘಾತ ಖಚಿತವಾಗಿ, ಮುಚ್ಚಿದ್ದ ರಕ್ತನಾಳಕ್ಕೆ ಸ್ಟೆಂಟ್ ಹಾಕಲಾಗಿದೆ. ತಮಗೆ ನಮ್ಮ ಮನೆಯವರೆಲ್ಲರ ಹೃತ್ಪೂರ್ವಕ ಧನ್ಯವಾದಗಳು. ಆ ಗಡಿಬಿಡಿಯಲ್ಲಿ ತಮ್ಮ ಹೆಸರನ್ನೂ ಕೇಳಲಿಲ್ಲ, ಸೋಡಾದ ಹಣವನ್ನೂ ಕೊಡಲಿಲ್ಲ.