ಹಳದಿ ಬದಲಾಗಿದೆ, ಹಳೆ ಜಾಡಿ ವಾಪಸ್ ಕೊಡಿ

ಸಾಗರ

ಪ್ರಿಯ ಗ್ರಾಹಕರೇ, ನಮಸ್ಕಾರ.

ಮುಂದಿನ ತಿಂಗಳಿಂದ ನಮ್ಮ ಬಿಳಿ ಗ್ಲೇಜಿನ, ಅಂದರೆ ಮಣ್ಣಿನ ಮೇಲೆ ಗಾಜಿನಂಥ ಲೇಪ ಇರುವ, ತಟ್ಟೆ, ಜಾಡಿ, ಟೈಲ್ಸ್ ಯಾವುದಕ್ಕೂ ಸೀಸ, ಅಂದರೆ ಲೆಡ್, ಹಾಕುವುದಿಲ್ಲ. ತಟ್ಟೆಗೆ 40 ರೂಪಾಯಿ ಜಾಸ್ತಿಯಾಗುತ್ತದೆ.

ಹೋದ ಸಲ ಮಿಡಿ ಬರುವ ಹೊತ್ತಿಗೆ ತೀರ್ಥಹಳ್ಳಿಯಿಂದ ಒಬ್ಬರು ಅಮ್ಮ ಫೋನ್ ಮಾಡಿದ್ದರು. "ಜಾಡಿ ಚಂದ ಇದೆ ಮಾರಾಯ್ರೆ, ಅಪ್ಪೆಮಿಡಿ ಹಾಕಿಟ್ಟಿದ್ದೇನೆ" ಅಂದರು. ನಮ್ಮ ಎದೆ ಧಸಕ್ ಅಂದಿತು. 'ಶೋಗೆ ಮಾತ್ರ' ಅಂತ ತಳದಲ್ಲಿ ಬರೆದಿದ್ದೆವು ನಿಜ. ಆದರೆ ಜಾಡಿ ಮಗುಚಿ ಯಾರು ಓದುತ್ತಾರೆ? ತಪ್ಪು ನಮ್ಮದೇ.

ಸೀಸ ಇದ್ದರೆ ಗ್ಲೇಜ್ ಕಡಿಮೆ ಬಿಸಿಗೇ ಕರಗಿ ನುಣ್ಣಗೆ ಹರಡುತ್ತದೆ. ಅದಕ್ಕೆ ತವರದ ಆಕ್ಸೈಡ್ ಸೇರಿಸಿದರೆ ಹಾಲಿನ ಬಿಳಿ. 9ನೇ ಶತಮಾನದಲ್ಲಿ ಇರಾಕಿನ ಕುಂಬಾರರು ಚೀನಾದ ಪಿಂಗಾಣಿ ನೋಡಿ ಕಂಡುಕೊಂಡ ಉಪಾಯ ಇದು. ಆದರೆ ಉಪ್ಪಿನಕಾಯಿ, ಮೊಸರು, ಹುಳಿ ತಾಗಿದರೆ ಗ್ಲೇಜಿನಿಂದ ಸೀಸ ಊಟಕ್ಕೆ ಬಿಡಬಹುದು, ಅದು ವಿಷ. ನೋಡಿದರೂ ಗೊತ್ತಾಗದು, ರುಚಿಗೂ ಗೊತ್ತಾಗದು. ಎಲೆಯ ಹಸಿರಿಗೆ ಹಾಕುವ ತಾಮ್ರ ಜೊತೆಗಿದ್ದರೆ ಇನ್ನೂ ಜಾಸ್ತಿ ಬಿಡುತ್ತದೆ.

ನಮ್ಮ ಹಳೆ ಹಳದಿ ಸೀಸ, ಆಂಟಿಮನಿ ಸೇರಿ ಆದದ್ದು. ಅದು ಹೋಯಿತು. ನಮ್ಮ ಮಲೆನಾಡಿನ ಗೋಡೆ ಚಿತ್ರ ಹಸೆ ಚಿತ್ತಾರಕ್ಕೆ ಬಳಸುವ ಗುರಿಗೆ ಕಾಯಿ ಹಳದಿ ಹಾಕಬಾರದಾ ಅಂತ ಕೇಳುತ್ತೀರಿ. ಭಟ್ಟಿಯ ಸಾವಿರ ಡಿಗ್ರಿಯಲ್ಲಿ ಅದು ಸುಟ್ಟುಹೋಗುತ್ತದೆ. ಈಗಿನ ಹಳದಿ ನಿಂಬೆಹಣ್ಣಿನ ಬಣ್ಣದ್ದು. ಹುಲ್ಲು ಹಸಿರು ಸ್ವಲ್ಪ ನವಿಲಿನ ನೀಲಿಗೆ ತಿರುಗಿದೆ, ನಮಗಂತೂ ಇದೇ ಇಷ್ಟ. ಕೋಬಾಲ್ಟ್ ನೀಲಿಗೆ ಏನೂ ಆಗಿಲ್ಲ.

ಬರೆಯುವ ಕೈಗಳೂ ಅವೇ. ಸುಡುವ ಮೊದಲು ಗ್ಲೇಜ್ ಒಣ ಅಕ್ಕಿಹಿಟ್ಟಿನ ಹಾಗೆ ಇರುತ್ತದೆ. ಕುಂಚ ತಾಗಿದ್ದೇ ತಡ, ಬಣ್ಣ ಹೀರಿಬಿಡುತ್ತದೆ, ಅಳಿಸುವ ಮಾತೇ ಇಲ್ಲ. ಗೋಡೆ ಮೇಲೆ ಪುಂಡಿ ನಾರಿನ ಕುಂಚದಲ್ಲಿ ಚಿತ್ತಾರ ಬರೆದ ನಮ್ಮ ಅಕ್ಕಂದಿರು ಉಸಿರು ಹಿಡಿದು ಒಂದೇ ಸಲಕ್ಕೆ ಗೆರೆ ಎಳೆಯುತ್ತಾರೆ.

ಸೀಸ ಇಲ್ಲದ ಫ್ರಿಟ್, ಅಂದರೆ ಗ್ಲೇಜಿಗೆ ಹಾಕುವ ಗಾಜಿನ ಪುಡಿ, ದುಬಾರಿ. ಬಿಳಿ ಬರಲು ತವರ ಬಿಟ್ಟು ಅಗ್ಗದ ಜಿರ್ಕಾನ್ ಖನಿಜದ ಪುಡಿ ಹಾಕಿದರೆ ದುಡ್ಡು ಉಳಿಯುತ್ತಿತ್ತು. ಹಾಕಿಯೂ ನೋಡಿದೆವು. ಬಾತ್‌ರೂಮ್ ಟೈಲ್ಸ್ ಥರ ಕಂಡಿತು, ಬೇಡ ಅಂತ ಬಿಟ್ಟೆವು.

ಹಳೆ ಜಾಡಿ, ತಟ್ಟೆ ತನ್ನಿ. ಅದೇ ಅಳತೆಯ ಹೊಸದು ಸುಮ್ನೆ ಕೊಡುತ್ತೇವೆ, ಬಿಲ್ ಬೇಡ. ಗೋಡೆಗೆ ತೂಗುಹಾಕಿದ್ದರೆ ಅಲ್ಲೇ ಇರಲಿ. ಒಳಗೆ ಉಪ್ಪಿನಕಾಯಿ ಇದ್ದರೆ ಮಾತ್ರ ದಯವಿಟ್ಟು ಚೆಲ್ಲಿ. ಹೊಟ್ಟೆ ಉರಿಯುತ್ತದೆ, ಗೊತ್ತು. ಹೊಸ ಮಾಲನ್ನು ಲ್ಯಾಬಿನಲ್ಲಿ 4% ಅಸಿಟಿಕ್ ಆಮ್ಲ ತುಂಬಿ 24 ಗಂಟೆ ಇಟ್ಟು ಪರೀಕ್ಷೆ ಮಾಡಿಸಿಯೇ ಕೊಡುತ್ತೇವೆ.

ಮಳೆ ಹಿಡಿದರೆ ಇಲ್ಲಿ ಮಣ್ಣು ಒಣಗುವುದಿಲ್ಲ, ನಿಮಗೇ ಗೊತ್ತಲ್ವಾ. ಜಾಡಿ ಬೇಕಾದವರು ಮೇ ಒಳಗೆ ಹೇಳಿ. ತೀರ್ಥಹಳ್ಳಿ ಅಮ್ಮನದು ಆಗಲೇ ಭಟ್ಟಿಯಲ್ಲಿದೆ.

ಇಂತಿ,
ನಿಮ್ಮ ಕುಂಬಾರಿಕೆ ಸಹಕಾರಿ ಬಳಗ